ಕೊನೆಗಾರನ ಹೆಸರಿನ ‘ಗಾರ’

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ತೋಟದ ಮನೆಯವರೆಲ್ಲ ದಾರಿ ಕಾಯುವುದು ಕೊನೆಗಾರನದು. ಕೊನೆ ಎಂದರೆ ಅಡಿಕೆಯ ಗೊನೆ. ಮರವೇರಿ ಅದನ್ನು ಇಳಿಸುವವನು ಕೊನೆಗಾರ. ಆ ಹೆಸರಿನಲ್ಲಿರುವ ‘ಗಾರ’ ಒಂಟಿಯಾಗಿ ನಿಂತರೆ ಏನನ್ನೂ ಹೇಳದು. ಹಾಡಿಗೆ ಅಂಟಿತೆನ್ನಿ, ಹಾಡುಗಾರ. ಸಾಲಕ್ಕೆ ಅಂಟಿತೆನ್ನಿ, ಸಾಲಗಾರ. ನಾಮಪದಕ್ಕೆ ಸೇರಿ ಹೊಸ ಪದ ಕಟ್ಟುವ ಇಂಥ ತುಣುಕೇ ತದ್ಧಿತ ಪ್ರತ್ಯಯ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದಕ್ಕೆಂದೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ.

ಕ್ರಿಯೆಯಿಂದ ಹೆಸರು ಹುಟ್ಟಿಸುವ ಪ್ರತ್ಯಯಗಳು ಬೇರೆ. ಉಡು–ಉಡುಗೆ, ಅಡು–ಅಡಿಗೆ, ನಂಬು–ನಂಬಿಕೆ. 1904ರಲ್ಲಿ ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆ ಊರಿನ ಹೆಸರಲ್ಲೂ ‘ಕೊಡು’ವಿಗೆ ‘ಗೆ’ ಸೇರಿದೆ. ಶಾಸನಗಳಲ್ಲಿ ಕೊಡಗೆ ಎಂದರೆ ದತ್ತಿ ಬಿಟ್ಟ ಭೂಮಿ; ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಕೊಡಗೆ.

ಹಾಗೆಂದು ಕಂಡ ಬಾಲವೆಲ್ಲ ಪ್ರತ್ಯಯವಲ್ಲ. ಅಡಿಗೆಯ ‘ಗೆ’ ಪ್ರತ್ಯಯ. ಅಡಿಕೆಯ ‘ಕೆ’ ಅಲ್ಲ. ತಮಿಳಿನ ‘ಅಡೈಕ್ಕಾಯ್’ ಪಕ್ಕದಲ್ಲಿಟ್ಟು ನೋಡಿ, ಗುಟ್ಟು ಬಯಲಾಗುತ್ತದೆ. ಅದು ಸವೆದುಹೋದ ‘ಕಾಯಿ’! ತಲೆಮಾರುಗಳಿಂದ ಅಡಿಕೆ ಬೆಳೆದವರಿಗೂ ಇದು ತಟ್ಟನೆ ಹೊಳೆಯುವಂಥದಲ್ಲ.

ಕನ್ನಡದ ಸ್ವಂತ ಪ್ರತ್ಯಯಗಳಿಗೆ ಜಾಗ ಪದದ ಕೊನೆಯಲ್ಲಿ. ‘ಬೇಜವಾಬ್ದಾರಿ’ಯ ‘ಬೇ’, ‘ಅಸಾಧ್ಯ’ದ ‘ಅ’ ಮುಂದೆ ಬಂದು ಕೂತಿವೆಯಾದರೂ ಅವು ಹೊರಗಿನಿಂದ ಬಂದವು. ಎಲ್ಲ ಭಾಷೆಗಳಿಗೂ ಈ ಕಟ್ಟಳೆಯಿಲ್ಲ. ಇಂಡೊನೇಷ್ಯದ ಪಶ್ಚಿಮ ಜಾವಾದಲ್ಲಿ ಆಡುವ ಸುಂಡಾ ಭಾಷೆಯಲ್ಲಿ ಪ್ರತ್ಯಯ ಪದದ ಹೊಟ್ಟೆಯೊಳಕ್ಕೇ ನುಗ್ಗುತ್ತದೆ. ಅಲ್ಲಿ ‘ಬುದಾಕ್’ ಎಂದರೆ ಮಗು. ನಡುವೆ ‘ಅರ್’ ಸೇರಿದರೆ ‘ಬರುದಾಕ್’, ಮಕ್ಕಳು.

ಪ್ರತ್ಯಯಗಳಿಗೂ ಮುಪ್ಪುಂಟು. ಒಕ್ಕಲಿಗ, ಕನ್ನಡಿಗ, ಲೆಕ್ಕಿಗ ಎಂಬಲ್ಲಿನ ‘ಇಗ’ವನ್ನು ಜನ ತಮ್ಮ ಮಾತಿನಲ್ಲಿ ಹೊಸ ಕಸುಬಿಗೆ ಹಚ್ಚುವುದು ಅಪರೂಪ. ‘ಗಾರ’ ಮಾತ್ರ ಇನ್ನೂ ಗಟ್ಟಿ. ಮರವೇರುವವರು ಕಡಿಮೆಯಾಗಿ, ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಫೈಬರ್ ದೋಟಿ ತೋಟಕ್ಕೆ ಬಂದಿದೆ. ಅದನ್ನು ಹಿಡಿದವನನ್ನು ‘ದೋಟಿಗಾರ’ ಎಂದರೆ ಮಲೆನಾಡಿನಲ್ಲಿ ಯಾರೂ ಅರ್ಥ ಕೇಳರು.

ಇನ್ನು ಹೆಂಗಸರ ಮಾತು. ಹಾಡುಗಾರನಿಗೆ ಹಾಡುಗಾರ್ತಿ ಇದ್ದಾಳೆ. ಕೊನೆಗಾರನಿಗೆ ಕೊನೆಗಾರ್ತಿ ಬಳಕೆಗೆ ಬರಲಿಲ್ಲ. ಭಾಷೆ ಅಡ್ಡ ಬಂದದ್ದಲ್ಲ, ಪ್ರತ್ಯಯ ಸಿದ್ಧವಾಗಿಯೇ ಇತ್ತು. ಹೆಂಗಸರಿಗೆ ಸುಲಿಯುವ ಕೆಲಸ ಸಿಕ್ಕಿತು, ಕೊಯ್ಯುವ ಕೆಲಸ ಸಿಗಲಿಲ್ಲ. ದೋಟಿ ಹಿಡಿಯಲು ಮರವೇರಬೇಕಿಲ್ಲ. ನಾಳೆ ತೋಟದಲ್ಲಿ ಅವಳ ಕೈಗೂ ಅದು ಬಂದರೆ, ‘ದೋಟಿಗಾರ್ತಿ’ ಎಂದು ಕರೆಯಲು ಹೊಸ ವ್ಯಾಕರಣವೇನೂ ಬೇಕಾಗದು.