ಎಚ್.ಐ.ವಿ. ಸೋಂಕಿನ ಮಕ್ಕಳ ಶುಶ್ರೂಷೆ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮನೆಗೂ ಮನೆಗೂ ನಡುವೆ ಅಡಕೆಯ ತೋಟವೋ ಹಳ್ಳವೋ ಇರುವುದು ಸಹಜವಷ್ಟೆ. ಮಳೆಗಾಲದಲ್ಲಿ ಆಸ್ಪತ್ರೆಯ ದಾರಿ ಮತ್ತಷ್ಟು ದುರ್ಗಮವಾಗುವುದು. ಇಂತಹ ನಾಡಿನಲ್ಲಿ ದಿನವೊಂದೂ ತಪ್ಪದಂತೆ ಔಷಧ ಸೇವಿಸಬೇಕಾದ ಮಗುವಿದ್ದರೆ, ಅದರ ಪ್ರಾಣವು ಔಷಧದಿಂದ ಉಳಿಯುವಂತೆಯೇ ಆರೈಕೆ ಮಾಡುವವರ ಎಚ್ಚರಿಕೆಯಿಂದಲೂ ಉಳಿಯತಕ್ಕುದು. ತಾಯಿಯಿಂದ ಎಚ್.ಐ.ವಿ. ಸೋಂಕು ತಗುಲಿದ ಮಕ್ಕಳ ಸ್ಥಿತಿಯು ಇಂತಹುದು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಇದರ ಔಷಧವು ಬಹುಕಾಲ ಬಡವರಿಗೆ ಎಟುಕದಾಗಿತ್ತು. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆಯತೊಡಗಿತು. 2006ರಲ್ಲಿ ಮಕ್ಕಳ ಚಿಕಿತ್ಸೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಯಿತು. ಔಷಧವು ರೋಗಾಣುವನ್ನು ನಿರ್ಮೂಲ ಮಾಡದಾದರೂ ಅಡಗಿಸಿಡುವುದು. ನಡುನಡುವೆ ನಿಲ್ಲಿಸಿದರೆ ರೋಗಾಣುವು ಆ ಔಷಧಕ್ಕೆ ಜಗ್ಗದಂತಾಗುವುದು. ತಪ್ಪದೆ ಸೇವಿಸುವ ಮಗುವು ಇತರರಂತೆ ಬೆಳೆದು, ಓದಿ, ಸಂಸಾರ ಹೂಡಬಲ್ಲುದು.

ಶುಶ್ರೂಷಕಿಯರ ಕಾರ್ಯವು ಶಿಶುಜನನಕ್ಕೆ ಮೊದಲೇ ತೊಡಗುವುದು. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿರುವ ತಾಯಂದಿರ 100 ಶಿಶುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗುಲಬಹುದು. ಗರ್ಭಿಣಿಯು ಸಕಾಲದಲ್ಲಿ ಔಷಧ ಸೇವಿಸಿದರೆ ಇದು 5ಕ್ಕಿಂತ ಕೆಳಗಿಳಿಯುವುದು. ಹುಟ್ಟಿದ ಶಿಶುವಿಗೆ ತಡೆಯೌಷಧ ಕುಡಿಸುವುದು, ಆರನೆಯ ವಾರದಲ್ಲಿ ಹಿಮ್ಮಡಿಯ ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳುಹುವುದು, ಹದಿನೆಂಟನೆಯ ತಿಂಗಳಲ್ಲಿ ಮತ್ತೆ ಪರೀಕ್ಷಿಸುವುದು, ಇವೆಲ್ಲವೂ ಅವರ ಕೈಯಿಂದ ನಡೆಯತಕ್ಕುವು. ಸೋಂಕಿರುವ ಮಗುವನ್ನು ಬಂದಾಗಲೆಲ್ಲ ತೂಗಬೇಕು. ಏಕೆಂದರೆ ತೂಕ ಏರಿದಂತೆ ಔಷಧದ ಪ್ರಮಾಣವೂ ಏರಬೇಕು. ಉಳಿದ ಗುಳಿಗೆಗಳನ್ನೆಣಿಸಿ, ಕೆಮ್ಮು ಜ್ವರಗಳನ್ನು ವಿಚಾರಿಸಿ, ಕಹಿಯೆಂದು ಉಗುಳುವ ಕೂಸಿಗೆ ಕುಡಿಸುವ ಬಗೆಯನ್ನು ಮುದುಕಿಯಾದ ಅಜ್ಜಿಗೂ ತಿಳಿಯುವಂತೆ ಹೇಳಬೇಕು. ಮಗುವು ತಿಳಿವಳಿಕೆಗೆ ಬಂದಂತೆ ಅದರ ರೋಗದ ಸಂಗತಿಯನ್ನು ಮೆಲ್ಲಮೆಲ್ಲನೆ ಅದಕ್ಕೇ ತಿಳಿಸಬೇಕು.

ಇಷ್ಟಾದರೂ ಶುಶ್ರೂಷಕಿಯೊಬ್ಬಳಿಂದಲೇ ಆಗದುದೊಂದುಂಟು. ನೆರೆಯವರು ಅರಿತಾರೆಂಬ ಅಂಜಿಕೆಯಿಂದ ಮನೆಯವರು ಹತ್ತಿರದ ಆಸ್ಪತ್ರೆಗೆ ಹೋಗದೆ ದೂರದ ಊರಿಗೆ ಅಲೆಯಬಹುದು. ಒಮ್ಮೆ ಬಸ್ಸು ತಪ್ಪಿದರೆ ಮಗುವಿನ ಔಷಧವೂ ತಪ್ಪುವುದು. ಸಹಪಂಕ್ತಿಯ ಊಟದಿಂದಾಗಲಿ, ಆಟದಿಂದಾಗಲಿ, ಒಂದೇ ಚಾಪೆಯ ಮೇಲೆ ಮಲಗುವುದರಿಂದಾಗಲಿ ಈ ಸೋಂಕು ಹರಡದು. 2017ರ ಅಧಿನಿಯಮವು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಸೋಂಕಿನ ಕಾರಣದಿಂದ ಮಗುವಿಗೆ ಶಾಲೆಯನ್ನು ನಿರಾಕರಿಸುವುದನ್ನು ನಿಷೇಧಿಸಿದೆ.

ಆದುದರಿಂದ ಪ್ರಸಾದನಿಲಯಗಳನ್ನು ನಡೆಯಿಸುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ರಾತ್ರಿ ಮಲಗುವ ಮುನ್ನ ಬಾಲಕನೊಬ್ಬನು ಗುಳಿಗೆ ನುಂಗುವುದನ್ನು ಕಂಡರೆ, ಹತ್ತು ಜನರೆದುರಿಗೆ ಅದರ ಕಾರಣವನ್ನು ಕೇಳದೆ, ಒಂದು ಲೋಟ ನೀರನ್ನು ಕೊಡಬೇಕು.