ಕೊನೆ ಭಾಗಕ್ಕೂ ಹಾಯಲಿ

ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ್ದರಿಂದ ದಾವಣಗೆರೆಯಲ್ಲಿ ಭತ್ತ ಬೆಳೆಯುತ್ತದೆ. ಜಲಾಶಯದ ಮಟ್ಟ 186 ಅಡಿ ಮುಟ್ಟಿದ ದಿನ ಬಾಗಿನ, ಫೋಟೊ, ಭಾಷಣ. ಮುಂದಿನ ಬೇಸಿಗೆಯಲ್ಲೇ ನಾಲೆಯ ಕೊನೆ ಭಾಗದ ರೈತರು ನೀರು ಬಂದಿಲ್ಲವೆಂದು ರಸ್ತೆಗಿಳಿಯುವುದೂ ಉಂಟು. ಕಟ್ಟೆ ತುಂಬಿದರೆ ಸಾಲದು, ನಾಲೆಯ ಉದ್ದಕ್ಕೂ ಓಡಾಡಿ, ತೂಬು ತೆಗೆದು, ಕಸ ಎಳೆದು, ಕಟ್ಟಕಡೆಯ ಗದ್ದೆಗೆ ನೀರು ಹಾಯಿಸುವ ಸೌಡಿಯೂ ಬೇಕು. ಹುಡುಗರ ಬದುಕಿಗೂ ಅಂಥ ಸೌಡಿಗಳು ಬೇಕಾಗಿದ್ದಾರೆ. ಲಕ್ಕವಳ್ಳಿ, ತರೀಕೆರೆ, ಅಜ್ಜಂಪುರ, ಕಡೂರಿನ ಕಾಲೇಜು ಹುಡುಗ ಹುಡುಗಿಯರೇ, ನಿಮ್ಮನ್ನು ಕರೆಯುತ್ತಿರುವುದು ಆ ಕೆಲಸಕ್ಕೆ.

ಕಟ್ಟೆಯಲ್ಲಿ ನೀರಿಲ್ಲವೆಂದಲ್ಲ. ಹೊಳೆಯಾಚೆ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ವಿದ್ಯಾರ್ಥಿವೇತನವಿದೆ, ಹಾಸ್ಟೆಲ್ ಇದೆ, ಐಟಿಐ ಇದೆ. ಆದರೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಹತ್ತನೇ ಕ್ಲಾಸಿನ ಹುಡುಗನ ಕೈಗೆ ದಿನಗೂಲಿ ಬರುತ್ತದೆ. ಕೂಲಿ ದುಡ್ಡಲ್ಲಿ ಮೊಬೈಲು, ಮೊಬೈಲಲ್ಲಿ ಬಾಜಿ ಆಟ. ಮಾರ್ಚಿನ ಪರೀಕ್ಷೆ ಹೊತ್ತಿಗೆ ಅವನು ಶಾಲೆಯ ಹಾದಿ ಮರೆತಿರುತ್ತಾನೆ. ಅವನನ್ನು ಬೈಯಲು ಊರೆಲ್ಲ ಇದೆ. ಜೊತೆಗೆ ಕೂತು ಮಾತಾಡಲು ಯಾರಿದ್ದಾರೆ?

"ನನಗೇ ಇನ್ನೂ ಕೆಲಸ ಸಿಕ್ಕಿಲ್ಲ, ನಾನೇನು ದಾರಿ ತೋರಿಸಲಿ?" ಎನ್ನುತ್ತೀರಿ. ಗೆದ್ದು ಮೇಲೇರಿದವರಿಗೆ ಕೆಳಗಿನ ಮೆಟ್ಟಿಲು ಎಲ್ಲಿ ಜಾರುತ್ತದೆಂಬುದು ನೆನಪಿರುವುದಿಲ್ಲ. ನಿಮ್ಮ ಮೊಣಕಾಲಿನ ಗಾಯ ಇನ್ನೂ ಹಸಿಯಾಗಿದೆ, ಅದೇ ನಿಮ್ಮ ಅರ್ಹತೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ಆರಂಭಿಸಿದ 'ಯುವ ಸ್ಪಂದನ' ಇದೇ ನಂಬಿಕೆಯ ಮೇಲೆ ನಿಂತದ್ದು. ಹುಡುಗರ ಓದು, ಆರೋಗ್ಯ, ಸಂಬಂಧಗಳ ತೊಡಕನ್ನು ಕೇಳಿಸಿಕೊಳ್ಳಲು ಅದು ಆರಿಸಿಕೊಂಡದ್ದು ಸ್ಥಳೀಯ ಯುವಜನರನ್ನೇ. ತರಬೇತಿ ಕೊಟ್ಟು 'ಯುವ ಪರಿವರ್ತಕ'ರೆಂದು ಕರೆಯಿತು. ಅದರ ಕೇಂದ್ರಗಳಿಗೆ ಜಿಲ್ಲಾ ಕ್ರೀಡಾಂಗಣಗಳಲ್ಲಿ ಜಾಗ ಸಿಕ್ಕಿತು. ಒಳ್ಳೆಯದೇ. ಆದರೆ ಮನಸ್ಸು ಕೆಟ್ಟ ಹುಡುಗ ಲಕ್ಕವಳ್ಳಿಯಿಂದ ಚಿಕ್ಕಮಗಳೂರಿಗೆ ಬಸ್ಸು ಹತ್ತಿ ಹೋಗಿ ತನ್ನ ಕಷ್ಟ ಹೇಳಿಕೊಳ್ಳುತ್ತಾನೆಂದು ನನಗಂತೂ ಅನ್ನಿಸುವುದಿಲ್ಲ. ಅವನಿಗೆ ಬೇಕಾದ ಅಣ್ಣ ಅವನ ಬೀದಿಯಲ್ಲೇ ಇರಬೇಕು.

ಒಬ್ಬರ ಕರೆ ಎಷ್ಟು ದೂರ ಒಯ್ಯುತ್ತದೆ ನೋಡಿ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಹುಡುಗನೊಬ್ಬ ಎಂಟನೇ ತರಗತಿಯ ಆಚೆ ಓದಲಾಗದೆ ಮನೆಯಲ್ಲಿದ್ದ. ಅವನಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಆಗ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಇಲ್ಲಿಗೆ ಬಾ ಎಂದರು. ಬಸ್ಸಿಗೆ ಕಾಸಿಲ್ಲದ ಹುಡುಗ ನಡೆದೇ ಬೆಂಗಳೂರು ಸೇರಿದ. ಅವನೇ ಎಚ್. ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ನಡೆದದ್ದು ಹುಡುಗನ ಕಾಲು, ನಿಜ. ಆದರೆ ಆ ಮೇಷ್ಟ್ರು ಹಳೆಯ ಶಿಷ್ಯನನ್ನು ಮರೆತುಬಿಟ್ಟಿದ್ದರೆ ಆ ಕಾಲು ಹೊಸೂರು ದಾಟುತ್ತಿತ್ತೇ?

ನೀವು ಭಾಷಣ ಬಿಗಿಯಬೇಕಿಲ್ಲ. ಮುಂದೇನು ಮಾಡ್ಬೇಕೂಂತಿದೀಯ ಎಂದು ಎದುರು ನಿಲ್ಲಿಸಿ ಕೇಳಿದರೆ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. "ಬಾರೋ, ಚಾನಲ್ ಕಡೆ ಹೋಗಿ ಬರಣ" ಅನ್ನಿ. ಎರಡು ಸಂಜೆ ಕ್ರಿಕೆಟ್ಟು, ಸಿನಿಮಾ ಮಾತು. ಮೂರನೆಯ ಸಂಜೆ ಅವನೇ ಶುರು ಮಾಡುತ್ತಾನೆ. ಆಗಲೂ ಬುದ್ಧಿ ಹೇಳಲು ಹೋಗದೆ ಕೈಗೆ ಸಿಗುವ ಕೆಲಸ ಮಾಡಿಕೊಡಿ. ಆದಾಯ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಜೊತೆಗೆ ಹೋಗಿ. ವಿದ್ಯಾರ್ಥಿವೇತನದ ಅರ್ಜಿಯನ್ನು ಪಕ್ಕದಲ್ಲಿ ಕೂತು ತುಂಬಿಸಿ. ಆಧಾರಿನಲ್ಲೊಂದು, ಅಂಕಪಟ್ಟಿಯಲ್ಲೊಂದು ಹೆಸರಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಎಷ್ಟೋ ಮಕ್ಕಳ ಓದು ನಿಂತಿರುವುದು ದಡ್ಡತನದಿಂದಲ್ಲ, ಇಂಥ ಒಂದು ಇನಿಷಿಯಲ್ಲಿನಿಂದ. ಒಂದು ದಿನ ಶಂಕರಘಟ್ಟಕ್ಕೆ ಕರೆದುಕೊಂಡು ಹೋಗಿ, ಕ್ಯಾಂಪಸ್ಸಿನಲ್ಲಿ ಸುಮ್ಮನೆ ಓಡಾಡಿಸಿ. ತಂಗಿಯರ ಜೊತೆ ಅಕ್ಕಂದಿರು ಹೋಗಲಿ. ಮನೆಯವರಿಗೂ ಧೈರ್ಯ.

ಒಂದು ಎಚ್ಚರ. ಕುಡಿತವೋ ಸಾಲವೋ ಸಾಯುವ ಮಾತೋ ಕಿವಿಗೆ ಬಿದ್ದರೆ ನೀವೊಬ್ಬರೇ ಹೊತ್ತುಕೊಳ್ಳಬೇಡಿ, ಗುಟ್ಟಾಗಿಯೂ ಇಡಬೇಡಿ. ನಂಬಿಕಸ್ಥ ಹಿರಿಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೆಚ್ಚು ಅಂಕ ಬಂದವರ ಮನೆಗೆ ಹಾರ, ಸಿಹಿ ಹಿಡಿದುಕೊಂಡು ಹೋಗುವವರು ಬೇಕಾದಷ್ಟಿದ್ದಾರೆ. ನೀವು ಫೇಲಾದವನ ಮನೆಗೆ ಹೋಗಿ. ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆಂಬುದು ಅವನಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಎರಡನೇ ಪರೀಕ್ಷೆಗೆ ಹೆಸರು ನೋಂದಾಯಿಸಲು ಕೊನೆಯ ದಿನ ಯಾವುದೆಂದು ಮೊದಲೇ ತಿಳಿದುಕೊಂಡು ಹೋಗಿ. ಮರುದಿನ ಬೆಳಿಗ್ಗೆ ಅವನನ್ನು ಶಾಲೆಗೆ ಕರೆದೊಯ್ದು ಆ ಕೆಲಸ ಮುಗಿಸಿಕೊಂಡೇ ಬನ್ನಿ.