ಸೂಜಿಯ ಮೊದಲ ಪಾಠ
(ಹೊಸಹೊಳಲಿನಲ್ಲಿ ಕಸೂತಿ ತರಗತಿ ಆರಂಭವಾದ ದಿನ ವಿಚಾರಣಾ ಗುರುಗಳು ಮಾಡಿದ ಭಾಷಣ)



ಸೂಜಿ, ದಾರ, ರಿಂಗುಗಳನ್ನು ಹಿಡಿದು ಪ್ರಥಮ ಪಾಠಕ್ಕೆ ಬಂದಿರುವ ನಿಮ್ಮನ್ನು ಕಂಡು ನಮಗೆ ಸಂತೋಷವೂ, ಅದರೊಡನೆ ಒಂದು ಹಳೆಯ ಸಂಕೋಚವೂ ಉಂಟಾಗಿದೆ. ಆ ಸಂಕೋಚದ ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು.

ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ, ಇಂತಹುದೇ ತರಗತಿಯೊಂದನ್ನು ನಾವು ಆರಂಭಿಸಿದ್ದೆವು. ಕಲಿಯತೊಡಗಿ ತಿಂಗಳೂ ತುಂಬದ ಹೆಣ್ಣುಮಕ್ಕಳ ಕೈಗೆ, ಹಬ್ಬಕ್ಕೆ ಬೇಕೆಂದು ಅವಸರಪಡಿಸಿ, ಬಲಿಪೀಠದ ವಸ್ತ್ರವನ್ನು ಕೊಟ್ಟೆವು. ಅವರು ರಾತ್ರಿಯೆಲ್ಲ ದೀಪದಡಿ ಕುಳಿತು ಮುಗಿಸಿದರು. ಮುಂಬದಿ ಸೊಗಸಾಗಿತ್ತು, ಹಿಂಬದಿಯಲ್ಲಿ ಬರೀ ಗಂಟುಗಳು, ಜೋತುಬಿದ್ದ ಎಳೆಗಳು. ಮೊದಲ ಒಗೆತಕ್ಕೇ ಬಟ್ಟೆ ಮುದುಡಿತು. ದಾರದ ಕೆಂಪು ಬಿಳಿಯ ಮೇಲೆ ಹರಿಯಿತು. ಮರುವಾರ ತರಗತಿಗೆ ಬಂದವರು ಇಬ್ಬರೇ. ಅವರ ಕೈಯಲ್ಲಿ ದೋಷವಿರಲಿಲ್ಲ. ಅವಸರಪಡಿಸಿದ ತಪ್ಪು ನಮ್ಮದು.

ಆದುದರಿಂದ ಇಂದು ನಿಮ್ಮಿಂದ ನಾವು ಯಾವ ವಸ್ತ್ರವನ್ನೂ ಬೇಡುವುದಿಲ್ಲ. ಅಭ್ಯಾಸಕ್ಕೆ ಒಂದು ಗೇಣು ಬಟ್ಟೆ ಸಾಕು. ಎಳೆಗಳು ಕಣ್ಣಿಗೆ ಕಾಣುವಷ್ಟು ಒರಟಾಗಿರಲಿ. ಕಸೂತಿಯ ಹತ್ತಿದಾರದಲ್ಲಿ ಸಾಮಾನ್ಯವಾಗಿ 6 ಎಳೆಗಳಿರುತ್ತವೆ. ಎರಡನ್ನು ಬಿಡಿಸಿಕೊಂಡರೆ ಸಾಕು. ಉದ್ದ ಒಂದು ಮೊಳ ಮೀರಿದರೆ ದಾರ ಸಿಕ್ಕಾಗುತ್ತದೆ. ಬಣ್ಣದ ದಾರವನ್ನು ಮೊದಲು ಒದ್ದೆ ಮಾಡಿ ಬಿಳಿ ಚಿಂದಿಗೆ ಒತ್ತಿ ನೋಡಿರಿ. ಈ ಚಿಕ್ಕ ಎಚ್ಚರವನ್ನು ನಾವು ಅಂದು ವಹಿಸಿರಲಿಲ್ಲ.

ಧಾರವಾಡ ಪ್ರಾಂತದ ಸ್ತ್ರೀಯರು ಇಳಕಲ್ ಸೀರೆಗಳ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಬಿಡಿಸುವುದು ನಕ್ಷೆಯನ್ನು ಬರೆದುಕೊಂಡಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು. ಅವರ ಹೊಲಿಗೆಗಳು ನಾಲ್ಕೇ: ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ. ಮುರಗಿ ಮೆಟ್ಟಿಲಿನಂತೆ ಏರುತ್ತದೆ. ನೇಯ್ಗೆ ಮಗ್ಗದ ಕೆಲಸವನ್ನು ಹೋಲುತ್ತದೆ. ಮೆಂತ್ಯೆಯಲ್ಲಿ ಎಳೆಗಳು ಒಂದನ್ನೊಂದು ಅಡ್ಡಹಾಯುತ್ತವೆ.

ನೀವು ಗವಂತಿಯಿಂದ ತೊಡಗಿರಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಸಾಲಿನ ಕೊನೆಯವರೆಗೆ ಸಾಗಿರಿ. ಆಗ ಕಾಣುವುದು ತುಂಡು ತುಂಡಾದ ಗೆರೆ. ಅನೇಕರು ಇಲ್ಲಿಯೇ 'ನಮ್ಮಿಂದಾಗದು' ಎಂದು ಬಟ್ಟೆಯನ್ನು ಕೆಳಗಿಡುತ್ತಾರೆ. ಆದರೆ ಅದೇ ಸೂಜಿ, ಅದೇ ರಂಧ್ರಗಳಲ್ಲಿ ಹಿಂದಿರುಗಿ ಬರುವಾಗ, ಬಿಟ್ಟ ತೆರಪುಗಳೆಲ್ಲ ತುಂಬುತ್ತವೆ, ಗೆರೆ ಅಖಂಡವಾಗುತ್ತದೆ. ಗಂಟು ಹಾಕದೆ, ದಾರದ ತುದಿಯನ್ನು ಹಾಕಿದ ಹೊಲಿಗೆಗಳ ಅಡಿಯಲ್ಲೇ ತೂರಿಸಿ ಮುಚ್ಚಿದರೆ, ಹಿಂಬದಿಯೂ ಮುಂಬದಿಯಂತೆಯೇ ಕಾಣುತ್ತದೆ. ಎಣಿಕೆ ತಪ್ಪಿದರೆ ನಾಚದೆ ಬಿಚ್ಚಿರಿ, ಬಿಚ್ಚುವುದೂ ಪಾಠವೇ.

ಮಾದರಿಗೆ ನೀವು ದೂರ ಹೋಗಬೇಕಾಗಿಲ್ಲ. ವೀರ ಸೋಮೇಶ್ವರನ ಕಾಲದ, 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಅಡಿಗಟ್ಟನ್ನು ನೀವು ಬಾಲ್ಯದಿಂದ ಕಂಡವರು. ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ; ಒಂದೊಂದೂ ತನ್ನ ಪಟ್ಟಿಯೊಳಗೆ ಅಳತೆ ತಪ್ಪದೆ ಸಾಗಿದೆ. ಕಲ್ಲಿನಲ್ಲಿ ಕಾಣುವ ಆ ತಾಳ್ಮೆ ನಿಮ್ಮ ಬಟ್ಟೆಗೂ ಬರಲಿ.

ಮುಂದಿನ ವಾರ ನಾವು ಬಂದಾಗ ನಿಮ್ಮ ಬಟ್ಟೆಯ ಹಿಂಬದಿಯನ್ನೇ ಮೊದಲು ನೋಡುವೆವು. ಅಲ್ಲಿ ಗಂಟುಗಳಿದ್ದರೂ ಚಿಂತೆಯಿಲ್ಲ. ನೀವು ಮಾತ್ರ ಬಾರದೆ ಇರಬೇಡಿರಿ. ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.